ಹಂದಿಗೆ ಸಾಕು, ಬಯಲಿಗೆ ಹೆಚ್ಚು

ಗುಂಡೂ ಸೇರಿ ಮೂರಿಂಚು ಉದ್ದ. ಹಿತ್ತಾಳೆಯ ಕೊಳವೆ, ಬುಡದಲ್ಲಿ ಹೊರಚಾಚಿದ ಅಂಚು, ಮೇಲೆ ಹೋದಂತೆ ಕಿರಿದಾಗುವ ಕುತ್ತಿಗೆ, ತುದಿಯಲ್ಲಿ ಸೀಸ ಇಣುಕುವ ಮೊಂಡು ಮೂಗು. ಇದು .315 ಕಾಡತೂಸು. ನಮ್ಮ ದೇಶದಲ್ಲಿ ಪರವಾನಗಿ ಪಡೆದ ಸಾಮಾನ್ಯ ಪ್ರಜೆಯ ಮನೆಯಲ್ಲಿ ರೈಫಲ್ ಇದೆ ಎಂದರೆ ಹೆಚ್ಚಾಗಿ ಅದು ಇದೇ ತೋಟಾ ನುಂಗುವ ರೈಫಲ್. ಕಪ್ಪತಗುಡ್ಡದ ಸೆರಗಿನ ಡೋಣಿ, ಡಂಬಳ, ಕಡಕೋಳದ ಹೊಲಗಳಲ್ಲಿ ಕಾಡಹಂದಿ ಶೇಂಗಾ ಸಾಲು ಕೆದರಿ ಹೋದಾಗ, ಗೋವಿನಜೋಳದ ದಂಟು ಮುರಿದು ಮಲಗಿಸಿದಾಗ, ಬಂದೂಕಿನ ಮಾತು ಬಂದೇ ಬರುತ್ತದೆ. ಹಿಂದೆಯೇ ಇನ್ನೊಂದು ವಾದವೂ ಏಳುತ್ತದೆ. ನೂರು ವರ್ಷ ದಾಟಿದ ಈ ಹಳೆಯ ಕಾಡತೂಸು ದೊಡ್ಡ ಪ್ರಾಣಿಗೆ ಇನ್ನೂ ಸಾಕಾಗುತ್ತದೆಯೇ, ಇಲ್ಲ ಹೊಸದು ಬೇಕೇ? ಪ್ರಾಣಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಅದು ಧಾರಾಳವಾಗಿ ಸಾಕು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಯಲಿನಲ್ಲಿ ಪ್ರಾಣಿಯೊಂದನ್ನೇ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪ್ರಾಣಿಯ ಹಿಂದೆ ಏನಿದೆ ಎಂದು ಕೇಳಿದ ಕ್ಷಣ .315ರ ಪರವಾದ ವಾದ ಬಿದ್ದುಹೋಗುತ್ತದೆ. ಹೊಸ ರೈಫಲ್‌ಗಳ ಪರವಾದ ವಾದವೂ ಅದರ ಜತೆಗೇ ಬೀಳುತ್ತದೆ.

ಈ ತೋಟಾ ನಮ್ಮಲ್ಲಿಗೆ ಬಂದ ದಾರಿ ವಿಚಿತ್ರವಾದದ್ದು. ಹುಟ್ಟಿದ್ದು 1890ರ ದಶಕದ ಆಸ್ಟ್ರಿಯಾ-ಹಂಗೇರಿಯಲ್ಲಿ, ಮ್ಯಾನ್‌ಲಿಕರ್ ಎಂಬ ಸೈನಿಕ ರೈಫಲ್‌ಗಾಗಿ. ಅದು ಭಾರತಕ್ಕೆ ಬಂದದ್ದು ಬೇಟೆಯ ಗುಣದಿಂದಲ್ಲ, ಸರ್ಕಾರದ ಭಯದಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತಮ್ಮ ಸೈನ್ಯ ಬಳಸುವ .303 ಮತ್ತು .450 ಅಳತೆಯ ರೈಫಲ್‌ಗಳನ್ನು ಭಾರತದ ಖಾಸಗಿ ಕೈಗಳಿಗೆ ನಿಷೇಧಿಸಿದರು. ಸೈನ್ಯದ ಉಗ್ರಾಣದಿಂದ ಕದ್ದ ಗುಂಡು ಜನರ ಬಂದೂಕಿಗೆ ಹೊಂದಬಾರದು ಎಂಬುದು ಒಳಗುಟ್ಟು. ಇಂಗ್ಲೆಂಡಿನ ಕಂಪನಿಗಳು ಆಗ ಭಾರತದ ಗಿರಾಕಿಗಾಗಿ ಬೇರೆ ಅಳತೆಗಳನ್ನು ಹುಡುಕಿದವು. ಪರದೇಶದ ಹಳೆಯ ಸೈನಿಕ ಕಾಡತೂಸೊಂದು .315 ಎಂಬ ಹೊಸ ಹೆಸರಿನಲ್ಲಿ ಶಿಕಾರಿಯ ಸಾಮಾನಾಯಿತು. ಸ್ವಾತಂತ್ರ್ಯದ ನಂತರವೂ ಸೈನ್ಯದ ಅಳತೆಗಳ ನಿಷೇಧ ಹೋಗಲಿಲ್ಲವಾದ್ದರಿಂದ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆ .315 ರೈಫಲ್ ಮಾಡುತ್ತಲೇ ಬಂತು. ಹುಟ್ಟಿದ ನಾಡಿನಲ್ಲಿ ಸತ್ತ ತೋಟಾ ಇಲ್ಲಿ ಬದುಕಿ ಉಳಿಯಿತು.

ಆಯುಧದ ವಿಷಯದಲ್ಲಿ ಸರ್ಕಾರದ ಈ ಭಯಕ್ಕೆ ನಮ್ಮ ಸೀಮೆಯೂ ಒಂದು ಕಾರಣ ಎನ್ನಬಹುದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ಎದ್ದರು. ಮರುವರ್ಷ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯರು ಹಮ್ಮಿಗಿಯಲ್ಲಿ ಸರ್ಕಾರ ಮೊಹರು ಹಾಕಿಟ್ಟಿದ್ದ ಆಯುಧಗಳನ್ನು ಒಡೆದು ತೆಗೆದುಕೊಂಡು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಹಿಡಿದು, ಅಲ್ಲೇ ಹೋರಾಡುತ್ತ ಮಡಿದರು. 1878ರ ಆಯುಧ ಕಾಯ್ದೆ ಬಂದ ಮೇಲೆ ಈ ಭಾಗದ ರೈತನ ಕೈಯಲ್ಲಿ ಉಳಿದದ್ದು, ಉಳಿದರೆ, ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು ಮಾತ್ರ. ಕುಲದ ಹೆಸರಿನಲ್ಲೇ ಬೇಟೆ ಇರುವ ಹರಣಶಿಕಾರಿಗಳು ಗದಗ-ಬೆಟಗೇರಿಯಲ್ಲಿದ್ದಾರೆ. ಅವರ ಹಿರಿಯರು ಬಳಸಿದ್ದು ಬಲೆ, ಉರುಲು, ನಾಯಿ. ಅಂದರೆ ರೈಫಲ್‌ನಿಂದ ದೊಡ್ಡ ಬೇಟೆ ಆಡುವುದು ಈ ನೆಲದ ರೂಢಿಯೇ ಅಲ್ಲ. ಅದು ದೊರೆಗಳ, ಸಾಹೇಬರ ಆಟವಾಗಿತ್ತು. ‘ನಮ್ಮ ಹಿರಿಯರ ಬೇಟೆ’ ಎಂದು ಇವತ್ತು ಎದೆ ತಟ್ಟಿಕೊಳ್ಳುವವರು ಈ ಒಂದು ಸಂಗತಿ ನೆನಪಿಟ್ಟರೆ ಒಳ್ಳೆಯದು.

ಈಗ ಕಾಡತೂಸಿನ ಕಸುವು ನೋಡೋಣ. ಮ್ಯಾನ್‌ಲಿಕರ್‌ನ ಮೂಲ ಗುಂಡಿನ ತೂಕ 244 ಗ್ರೇನ್, ಅಂದರೆ 15.8 ಗ್ರಾಂ. ನಳಿಗೆಯ ಬಾಯಿ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 620 ಮೀಟರ್. ಲೆಕ್ಕ ಹಾಕಿದರೆ ಶಕ್ತಿ 3000 ಜೂಲ್‌ನ ಆಸುಪಾಸು ಬರುತ್ತದೆ. ಜಿಮ್ ಕಾರ್ಬೆಟ್ ಅವರ ಕೈಯಲ್ಲಿದ್ದ ಪ್ರಸಿದ್ಧ .275 ರಿಗ್ಬಿ ರೈಫಲ್ ನೆನಪಿಸಿಕೊಳ್ಳಿ. ಚಂಪಾವತದ ನರಭಕ್ಷಕಿಯನ್ನು 1907ರಲ್ಲಿ ಕೊಂದದ್ದಕ್ಕೆ ಅವರಿಗೆ ಉಡುಗೊರೆಯಾಗಿ ಬಂದದ್ದು ಅದು. 1926ರಲ್ಲಿ ರುದ್ರಪ್ರಯಾಗದ ಚಿರತೆ ಉರುಳಿದ್ದೂ ಅದರಿಂದಲೇ. ಅದರ 140 ಗ್ರೇನ್ ಗುಂಡಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ, ಮೂರು ಸಾವಿರ ಜೂಲ್. ಹಗುರ ಗುಂಡು ಜೋರಾಗಿ ಹೋಗುತ್ತದೆ, .315ರ ಭಾರದ ಗುಂಡು ನಿಧಾನ ಹೋಗುತ್ತದೆ, ಕಸುವು ಒಂದೇ. ಭಾರ ಹೆಚ್ಚಿರುವುದರಿಂದ ಮಾಂಸ, ಮೂಳೆ ತೂರಿ ಆಳಕ್ಕಿಳಿಯುವುದರಲ್ಲಿ .315 ಒಂದು ಕೈ ಮೇಲೆಯೇ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಜಿಂಕೆ ಹೊಡೆಯುವ ರೈಫಲ್‌ಗೆ ಕನಿಷ್ಠ 1700 ಅಡಿ-ಪೌಂಡ್, ಎಂದರೆ ಸುಮಾರು 2300 ಜೂಲ್ ಶಕ್ತಿ ಇರಬೇಕೆನ್ನುತ್ತದೆ. ಆ ಪರೀಕ್ಷೆಯಲ್ಲೂ .315 ಸಲೀಸಾಗಿ ಪಾಸು. ಇನ್ನು ಆಫ್ರಿಕಾದಲ್ಲಿ ಬೆಲ್ ಎಂಬ ಬೇಟೆಗಾರ ನೂರಾರು ಆನೆಗಳನ್ನು ಇದೇ .275ರಿಂದ ಕೆಡವಿದ್ದು ಬೇಟೆಯ ಇತಿಹಾಸದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗುಂಡು ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ, ಎಷ್ಟು ದೊಡ್ಡದು ಎಂಬುದಲ್ಲ ಎಂದು ತೋರಿಸಲು ಅವನ ಹೆಸರನ್ನು ಹೇಳುತ್ತಾರೆ. ಅಷ್ಟು ಆನೆ ಕೊಂದದ್ದನ್ನು ಸಾಧನೆ ಎನ್ನಲು ನನಗೆ ಮನಸ್ಸು ಬಾರದು, ಆದರೆ ಸಾಕ್ಷ್ಯವಾಗಿ ಅದನ್ನು ಒಪ್ಪಲೇಬೇಕು.

ಇಷ್ಟಕ್ಕೂ ನಮ್ಮ ಬಯಲಿನಲ್ಲಿ ‘ದೊಡ್ಡ ಬೇಟೆ’ ಎಂದರೆ ಯಾವುದು? ಆನೆ ಇಲ್ಲ, ಕಾಟಿ ಇಲ್ಲ. ಚಿಗರಿ ನಲವತ್ತು ಕಿಲೋ ತೂಗಿದರೆ ಹೆಚ್ಚು. ತೋಳ ಇಪ್ಪತ್ತು ಚಿಲ್ಲರೆ. ಬಲಿತ ಗಂಡು ಹಂದಿಯೊಂದೇ ಕ್ವಿಂಟಲಿನ ಹತ್ತಿರ ಬರುವ ಪ್ರಾಣಿ. ಇವುಗಳ ಮುಂದೆ .315ಕ್ಕೆ ಕಸುವು ಕಡಿಮೆ ಎನ್ನುವ ಮಾತೇ ಇಲ್ಲ. ಅದರ ನಿಜವಾದ ಕೊರತೆ ಬೇರೆ ಕಡೆ ಇದೆ, ಅದನ್ನು ಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಸೆಕೆಂಡಿಗೆ 620 ಮೀಟರ್ ವೇಗದ ಗುಂಡು ನೂರು ಮೀಟರ್ ದಾಟಲು 0.16 ಸೆಕೆಂಡ್ ಬೇಕು; ಅಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಅದು 13 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಇನ್ನೂರು ಮೀಟರಿಗೆ ದುಪ್ಪಟ್ಟು ಸಮಯ, ಆದರೆ ಇಳಿತ ನಾಲ್ಕು ಪಟ್ಟು: 51 ಸೆಂಟಿಮೀಟರ್. ಗಾಳಿಯ ತಡೆ ಸೇರಿಸಿದರೆ ಇನ್ನೂ ಜಾಸ್ತಿ. ನೂರು ಮೀಟರಿಗೆ ಸರಿಯಾಗಿ ಗುರಿ ಹೊಂದಿಸಿದ ರೈಫಲ್ ಇನ್ನೂರರಲ್ಲಿ ಸುಮಾರು ಒಂದು ಅಡಿ ಕೆಳಗೆ ಹೊಡೆಯುತ್ತದೆ ಎಂದಾಯಿತು. ಚಿಗರಿಯ ಎದೆಗೂಡಿನಲ್ಲಿ ಸಾವು ತರುವ ಜಾಗ ಒಂದು ಗೇಣೂ ಇಲ್ಲ. ಅಂದರೆ ನೂರು ಮೀಟರಿನೊಳಗೆ ನಂಬಬಹುದಾದ ರೈಫಲ್ ಇದು. ಬಯಲಿನಲ್ಲಿ ಅಂದಾಜು ತಪ್ಪುವುದು ಸುಲಭ. ಮರೆ ಇಲ್ಲದ ಎರೆಹೊಲದಲ್ಲಿ ಇನ್ನೂರೈವತ್ತು ಮೀಟರ್ ದೂರದ ಪ್ರಾಣಿ ನೂರೈವತ್ತರಲ್ಲಿ ನಿಂತಂತೆ ಕಾಣುತ್ತದೆ. ತಪ್ಪಿದ ಗುಂಡು ಕಾಲು ಮುರಿಯುತ್ತದೆ, ಇಲ್ಲ ಪ್ರಾಣಿಯ ಹೊಟ್ಟೆಯಡಿ ಹಾದು ಹೋಗುತ್ತದೆ.

ಹಾದು ಹೋದ ಗುಂಡು ಎಲ್ಲಿಗೆ ಹೋಗುತ್ತದೆ? ನನ್ನ ಇಡೀ ವಾದ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕಾರ್ಬೆಟ್ ಹೊಡೆದದ್ದು ಕುಮಾವೂನ್, ಗಢವಾಲದ ಗುಡ್ಡದಿಳಿಜಾರಿನಲ್ಲಿ. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ಹಿಡಿದದ್ದು ದಟ್ಟ ಕಾಡಿನಲ್ಲಿ, ಬಹುತೇಕ ಮರದ ಮೇಲಿನ ಮಚಾನಿನಿಂದ. ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ನೆನಪುಗಳೂ ತೆಂಕಣ ಕಾಡಿನವು. ಅಲ್ಲೆಲ್ಲ ತಪ್ಪಿದ ಗುಂಡನ್ನು ಗುಡ್ಡ ಇಲ್ಲವೇ ಮರ ತಡೆಯುತ್ತಿತ್ತು. ತೇಜಸ್ವಿಯವರ ಅನುವಾದದಲ್ಲಿ ಕಾರ್ಬೆಟ್, ಆಂಡರ್ಸನ್‌ರನ್ನು ಓದಿ ಬೆಳೆದ ನಾವು ರೈಫಲ್‌ನ ಜತೆಗೆ ಆ ಕಾಡನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತೇವೆ. ಲಕ್ಷ್ಮೇಶ್ವರದಿಂದ ಗದಗಿಗೆ ಬರುವ ದಾರಿಯ ಎರಡೂ ಬದಿ ನೋಡಿದರೆ ಆ ಕಾಡು ಎಲ್ಲಿದೆ? ಕಣ್ಣು ಹಾಯುವವರೆಗೆ ಹೆಸರು, ಕಡಲೆ, ಬಿಳಿಜೋಳ, ಉಳ್ಳಾಗಡ್ಡಿ. ಸೈನ್ಯಕ್ಕೆಂದು ಹುಟ್ಟಿದ .315ರಂಥ ಗುಂಡುಗಳು ಕೋನ ಸ್ವಲ್ಪ ಮೇಲಾದರೆ ಎರಡು ಕಿಲೋಮೀಟರಿಗೂ ಮೇಲೆ ಸಾಗುತ್ತವೆ. ಅವನ್ನು ಮಾಡಿದ್ದೇ ದೂರದ ಸೈನಿಕರ ಸಾಲಿನ ಮೇಲೆ ಸುರಿಯಲು. ನಮ್ಮಲ್ಲಿ ಊರಿಂದ ಊರಿಗೆ ನಾಲ್ಕೈದು ಕಿಲೋಮೀಟರ್ ಇದ್ದರೆ ಹೆಚ್ಚು. ನಡುವಿನ ಹೊಲವೂ ಬರಿದಲ್ಲ. ರಾಶಿಯ ಕಾಲದಲ್ಲಿ ಕಣದಲ್ಲೇ ಮಲಗುವವರು ಇರುತ್ತಾರೆ. ಗೊಬ್ಬರಕ್ಕೆಂದು ಕುರಿ ತರುಬಿಸಿಕೊಂಡ ಹೊಲದಲ್ಲಿ ಕುರಿಗಾರರ ಸಂಸಾರವೇ, ಕೂಸುಮಕ್ಕಳ ಸಮೇತ, ಬಯಲಿನಲ್ಲಿ ರಾತ್ರಿ ಕಳೆಯುತ್ತದೆ. ಹಂದಿ ಬರುವುದೂ ರಾತ್ರಿಯೇ. ಬ್ಯಾಟರಿಯ ಬೆಳಕಿಗೆ ಹಂದಿಯ ಕಣ್ಣು ಹೊಳೆದದ್ದು ಕಾಣುತ್ತದೆ, ಅದರಾಚೆ ಅರ್ಧ ಕಿಲೋಮೀಟರ್ ದೂರದ ಕಂಬಳಿ ಗುಡಾರ ಕಾಣುವುದಿಲ್ಲ.

ನೆಲದ ಮೇಲೆ ನಿಂತು ನೂರು ಮೀಟರ್ ದೂರದ ಹಂದಿಗೆ ಹೊಡೆದರೆ ಗುಂಡು ನೆಲಕ್ಕೆ ತಾಗುವ ಕೋನ ಒಂದು ಡಿಗ್ರಿಯೂ ಇರುವುದಿಲ್ಲ. ಅಷ್ಟು ಓರೆಯಾಗಿ ಬಂದ ಗುಂಡು ಒಣಗಿ ಬಿರಿದ ಎರೆಮಣ್ಣಿಗೋ, ಕಪ್ಪತಗುಡ್ಡದ ಬುಡದ ಕಬ್ಬಿಣದ ಅದಿರಿನ ಕಲ್ಲಿಗೋ ಬಡಿದರೆ ನೆಲಕ್ಕಿಳಿಯದು, ಚಿಮ್ಮಿ ಮುಂದೆ ಹೋಗುತ್ತದೆ. ಮೆತ್ತನೆ ಮೂಗಿನ ಗುಂಡು ಪ್ರಾಣಿಯ ಒಳಗೇ ಅರಳಿ ನಿಲ್ಲುತ್ತದಲ್ಲ ಎಂಬ ಆಕ್ಷೇಪ ಇದೆ. ಅರಳುವುದು ನಿಜ. ಆದರೆ ಹದಿನಾರು ಗ್ರಾಂ ತೂಕದ, ನಿಧಾನ ವೇಗದ ಗುಂಡು ಚಿಗರಿಯಂಥ ತೆಳು ಮೈಯಲ್ಲಿ ನಿಲ್ಲುವುದು ಕಷ್ಟ. ಆಳಕ್ಕಿಳಿಯುವುದೇ ಅದರ ಗುಣ ಎಂದು ಮೇಲೆ ಹೊಗಳಿದ್ದು ಇಲ್ಲಿ ದೋಷವಾಗಿ ತಿರುಗುತ್ತದೆ. ಅದೂ ಅಲ್ಲದೆ, ಪ್ರಾಣಿಗೆ ತಾಗಿದ ಗುಂಡಿನ ಲೆಕ್ಕ ಇದು. ತಾಗದ ಗುಂಡಿಗೆ ಮೂಗು ಮೆತ್ತಗಿದ್ದರೇನು, ಗಟ್ಟಿಯಿದ್ದರೇನು?

ಹಾಗಾದರೆ ಹೊಸ ರೈಫಲ್ ತರಬಹುದಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. .30-06ರಂಥವು ವೇಗದವು, ಇನ್ನೂರು ಮೀಟರಿನಲ್ಲೂ ಗುರಿ ಕೆಡುವುದಿಲ್ಲ. (ಹೊಸದೆಂದು ಹೆಸರು, ಅದು ಹುಟ್ಟಿದ್ದೂ 1906ರಲ್ಲಿ.) ಗುರಿ ಸುಧಾರಿಸುತ್ತದೆ, ಒಪ್ಪೋಣ. ಅದರ ಜತೆಗೆ ಗುಂಡಿನ ಓಟವೂ ಉದ್ದವಾಗುತ್ತದೆ. ವಿದೇಶಗಳಲ್ಲಿ ತೀರ ಹಗುರವಾದ, ನೆಲಕ್ಕೆ ತಾಗಿದೊಡನೆ ಪುಡಿಯಾಗುವ ಗುಂಡುಗಳೂ ಬಳಕೆಯಲ್ಲಿವೆ. ಅವು ಚಿಮ್ಮುವುದು ಕಡಿಮೆ ಎಂಬುದು ನ್ಯಾಯವಾದ ಮಾತು. ಆದರೆ ಅವು ನರಿಯಂಥ ಸಣ್ಣ ಪ್ರಾಣಿಗಳಿಗೆ ಮಾಡಿದವು, ಹಂದಿಯ ಹೆಗಲಿನ ಗಟ್ಟಿ ಚರ್ಮ, ಮೂಳೆ ದಾಟಲಾರವು. ಜರ್ಮನಿಯಲ್ಲಿ ರೈಫಲ್‌ನಿಂದಲೇ ಹಂದಿ ಹೊಡೆಯುತ್ತಾರೆ. ಹೊಲದಂಚಿನಲ್ಲಿ ಎತ್ತರದ ಅಟ್ಟಣಿಗೆ ಕಟ್ಟಿ, ಗುಂಡು ನೆಲಕ್ಕೇ ಇಳಿಯುವಂತೆ ಹೊಡೆಯುವುದು ಅಲ್ಲಿಯ ಶಿಸ್ತು. ಅಲ್ಲಿ ಬೇಟೆಯ ಪರವಾನಗಿ ಪಡೆಯಲು ಪರೀಕ್ಷೆ ಬರೆದು, ಗುರಿ ಹೊಡೆದು ತೋರಿಸಬೇಕು. ನಮ್ಮ ರೈತನ ರೈಫಲ್ ವರ್ಷವಿಡೀ ಗೋಡೆಗೆ ತೂಗಿಕೊಂಡಿದ್ದು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಜಮಾ ಆಗಿ, ಫಲಿತಾಂಶದ ನಂತರ ಮರಳಿ ಗೋಡೆಗೆ ಬರುತ್ತದೆ. ಅಭ್ಯಾಸಕ್ಕೆ ಜಾಗವೂ ಇಲ್ಲ, ತೋಟಾದ ಬೆಲೆಗೆ ಅಭ್ಯಾಸ ಮಾಡುವ ಮನಸ್ಸೂ ಬಾರದು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ರೈತನದು. ಊರಿನ ಸುರಕ್ಷತೆಯ ಪಾಠ ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಸಾಲ ಮಾಡಿ ಬಿತ್ತಿದ ಶೇಂಗಾ ಒಂದು ರಾತ್ರಿಗೆ ಹೋದವನಿಗೆ ಏನು ಹೇಳುತ್ತೀರಿ? ಈ ಮಾತಿಗೆ ಎದುರು ಮಾತಿಲ್ಲ. ಪರಿಹಾರದ ಅರ್ಜಿ, ಮಹಜರು, ಕಾಯುವಿಕೆ ಎಲ್ಲ ಮುಗಿದು ಕೈಗೆ ಬರುವುದು ಬೆಳೆದ ಬೆಳೆಯ ಬೆಲೆಯಲ್ಲ. ಬಂದೂಕು ಬೇಡವೆಂದರೆ ಹೊಲದ ಸುತ್ತ ಕರೆಂಟು ಹರಿಸುವುದು, ಸಿಡಿಮದ್ದಿನ ಉಂಡೆ ಇಡುವುದು ನಡೆಯುತ್ತದೆ. ಅವು ಬಂದೂಕಿಗಿಂತ ಕೆಟ್ಟವು, ದನವನ್ನೂ ಬಿಡುವುದಿಲ್ಲ, ಮನುಷ್ಯನನ್ನೂ ಬಿಡುವುದಿಲ್ಲ. ಹಾಗೆಂದು ಕಾನೂನು ಬಾಗಿಲು ಪೂರ್ತಿ ಮುಚ್ಚಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶೋಕಿಯ ಬೇಟೆಯನ್ನು ನಿಲ್ಲಿಸಿತಾದರೂ 11ನೇ ಕಲಮಿನಲ್ಲಿ ಒಂದು ದಾರಿ ಇಟ್ಟಿದೆ: ಎರಡನೇ ಪರಿಶಿಷ್ಟದ ಪ್ರಾಣಿ ಜನರ ಜೀವಕ್ಕೋ, ನಿಂತ ಬೆಳೆಯೂ ಸೇರಿದ ಆಸ್ತಿಗೋ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ನೀಡಬಹುದು. 2022ರ ತಿದ್ದುಪಡಿಯ ನಂತರ ಕಾಡಹಂದಿ ಇರುವುದು ಈ ಎರಡನೇ ಪಟ್ಟಿಯಲ್ಲೇ. ಕೇರಳ ಅದೇ ವರ್ಷ ಈ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ಚಿಗರಿ, ತೋಳ, ಚಿರತೆಯ ಮಾತೇ ಬೇರೆ. ಅವು ಮೊದಲನೇ ಪಟ್ಟಿಯವು, ಕೊಂದರೆ 3ರಿಂದ 7 ವರ್ಷ ಜೈಲು. ಚಿಗರಿ ಬೆಳೆ ತಿನ್ನುತ್ತದೆ ಎಂಬುದು ಸುಳ್ಳಲ್ಲ, ಆದರೆ ಅದಕ್ಕೆ ಉತ್ತರ ಬೇಲಿ ಮತ್ತು ತಡವಿಲ್ಲದ ಪರಿಹಾರ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಸುತ್ತಲಿನ ಹೊಲಕ್ಕಿಳಿದು ಮೇಯುತ್ತವೆ. ಅವನ್ನು ಊರವರು ಹೊಡೆಯದೆ ಕಾಯ್ದುಕೊಂಡು ಬಂದದ್ದರಿಂದಲೇ ಆ ಕೆರೆ 2024ರಲ್ಲಿ ರಾಮ್‌ಸರ್ ತಾಣವಾಗುವ ಮಟ್ಟಕ್ಕೆ ಬಂತು.

ಆದ್ದರಿಂದ ಉಳಿಯುವ ಪ್ರಶ್ನೆ ಹಂದಿಯೊಂದರದೇ. ಅನುಮತಿ ಸಿಕ್ಕು ಹೊಡೆಯಲೇಬೇಕಾಗಿ ಬಂದರೆ ಯಾವುದರಿಂದ? ಉತ್ತರ 1959ರ ಆಯುಧ ಕಾಯ್ದೆಯಲ್ಲೇ ಇದೆ, ಯಾರೂ ಓದಿದಂತೆ ಕಾಣುವುದಿಲ್ಲ. ಅದರ 13ನೇ ಕಲಮು ಬೆಳೆ ರಕ್ಷಣೆಗೆಂದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕನ್ನು. ಬೆಳೆ ರಕ್ಷಣೆಯ ಆ ಸಾಲಿನಲ್ಲಿ ರೈಫಲ್ ಇಲ್ಲವೇ ಇಲ್ಲ. ಕಾನೂನು ಬರೆದವರು ಹೊಲವನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದಿರಬೇಕು. ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು .315ಕ್ಕಿಂತಲೂ ಹಳೆಯ ಸಾಮಾನು. ಅದರ ಎಲ್‌.ಜಿ. ತೋಟಾದೊಳಗಿನ ದಪ್ಪ ಸೀಸದ ಕಾಳುಗಳು ಎಷ್ಟು ಎತ್ತಿ ಹೊಡೆದರೂ ಮುಕ್ಕಾಲು ಕಿಲೋಮೀಟರ್ ಮೀರುವುದಿಲ್ಲ, ಮತ್ತು ಆ ಹೊತ್ತಿಗೆ ಅವುಗಳ ಕಸುವು ಬಹುಪಾಲು ತೀರಿರುತ್ತದೆ. ಮೂವತ್ತು ಮೀಟರಿನ ಆಚೆ ಕಾಳು ಚೆದುರಿ ಹಂದಿ ಗಾಯಗೊಂಡು ಓಡುತ್ತದೆ ಎಂಬ ದೂರು ಸರಿಯಾದದ್ದೇ. ಅದಕ್ಕೇ ಮೂವತ್ತರ ಒಳಗೆ ಹೊಡೆಯಬೇಕು. ಬೆಳೆ ಕಾಯಲು ಹೊಲದಲ್ಲಿ ಮಂಚಿಕೆ ಕಟ್ಟುವುದು ನಮಗೇನು ಹೊಸದೇ? ಕೂತವನ ಕಣ್ಣು ನೆಲದಿಂದ ಹನ್ನೆರಡು ಅಡಿ ಎತ್ತರದಲ್ಲಿದ್ದು ಹಂದಿ ಮೂವತ್ತು ಮೀಟರ್ ದೂರದಲ್ಲಿದ್ದರೆ, ತಪ್ಪಿದ ಕಾಳು ಅದರ ಹಿಂದೆ ಕೆಲವೇ ಮೀಟರಿನೊಳಗೆ ಮಣ್ಣು ಸೇರುತ್ತದೆ. ಅದೇ ಮಂಚಿಕೆಯಿಂದ ನೂರೈವತ್ತು ಮೀಟರಿಗೆ ರೈಫಲ್ ಹಾರಿಸಿದರೆ ಮತ್ತೆ ಒಂದು ಡಿಗ್ರಿಯ ಓರೆ, ಮತ್ತೆ ಅದೇ ಚಿಮ್ಮುವ ಗುಂಡು.

ಇದೆಲ್ಲ ಅಭಯಾರಣ್ಯದ ಹೊರಗಿನ ಮಾತು ಎಂಬುದನ್ನೂ ಮರೆಯುವಂತಿಲ್ಲ. ಜನರ ಹೋರಾಟದ ಫಲವಾಗಿ 2017ರಲ್ಲಿ ಮರಳಿ ಸಂರಕ್ಷಿತ ಮೀಸಲು ಎನಿಸಿಕೊಂಡ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಅದರ ಅಂಚು ಮತ್ತು ಹೊಲದ ಬದು ಹಲವೆಡೆ ಒಂದೇ. ಅಂಥ ಕಡೆ ಹೊಲದ ಹಂದಿಗೆ ಹೊಡೆದ ಗುಂಡು ದೂರ ಹಾರಿ ಗುಡ್ಡದೊಳಗಿನ ಕತ್ತೆಕಿರುಬಕ್ಕೂ ಮುಟ್ಟಬಹುದು.

ಹಳೆಯ .315 ಕೆಟ್ಟ ಕಾಡತೂಸಲ್ಲ. ಹಂದಿಗೆ ಅದು ಸಾಕು, ಈ ಬಯಲಿಗೆ ಅದು ಅತಿಯಾಯಿತು, ಇಷ್ಟೇ ನನ್ನ ತೀರ್ಪು. ಹಂದಿ ಹೊಡೆಯಲು ಅನುಮತಿ ಬರೆಯುವ ಅಧಿಕಾರಿಗಳು ಪ್ರಾಣಿಯ ಹೆಸರು, ಸಂಖ್ಯೆ, ಸರ್ವೆ ನಂಬರು, ದಿನಾಂಕದ ಜತೆಗೆ ಇನ್ನೆರಡು ಸಾಲು ಸೇರಿಸಲಿ: ನುಣುಪು ನಳಿಗೆಯ ಬಂದೂಕಿನಿಂದ ಮಾತ್ರ, ಮಂಚಿಕೆಯ ಮೇಲಿಂದ ಮಾತ್ರ. ಅಕ್ಕಪಕ್ಕದ ಹೊಲದವರಿಗೂ ಕುರಿಗಾರರಿಗೂ ಸಂಜೆಯೇ ತಿಳಿಸುವ ಹೊಣೆಯನ್ನು ಗ್ರಾಮ ಪಂಚಾಯತಿ ಹೊರಲಿ. ಮನೆಯಲ್ಲಿ .315 ಇರುವವರು ಅದನ್ನು ಹೊಲಕ್ಕೆ ಒಯ್ಯದಿರಲಿ.